ಅಂಗೈ ಮೇಲಿನ ಟ್ರ್ಯಾಕ್ಟರಿಗೆ ಶೋರೂಮ್ ಹೊಳಪು

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

 

ಪ್ರತಿ ವಾರ ನಾವು ಇಲ್ಲಿ ಕಬ್ಬಿನ ಬಿಲ್ಲು, ಬೆಳೆಸಾಲ, ವಿಮೆ, ಸಣ್ಣ ಅಂಗಡಿಯ ಜಿಎಸ್‌ಟಿ ಅಂತ ಮಾತಾಡ್ತೀವಿ. ನಾನು ಬಿ.ಕಾಂ. ಓದಿದವ, ನನಗೆ ಬರೋದು ಅದೇ. ಆದರೆ ಇವತ್ತಿನ ಮಾತು ಬೇರೆ. ಒಂದು ಪ್ಲಾಸ್ಟಿಕ್ ಟ್ರ್ಯಾಕ್ಟರಿನದು. ಗೇಣುದ್ದದ್ದು. ಅದಕ್ಕೆ ಶೋರೂಮಿನಿಂದ ಈಗಷ್ಟೇ ಹೊರಗೆ ಬಂದಂಥ ಹೊಳಪು ತರೋದು ಹೆಂಗೆ ಅನ್ನೋದು. "ಇದೇನ್ರೀ, ಹುಡುಗರ ಆಟಗಿ ವಿಷಯ" ಅಂತ ಬಂದ್ ಮಾಡಬ್ಯಾಡ್ರಿ. ಕಡೀತನಕ ಕೇಳ್ರಿ, ಲೆಕ್ಕಾನೂ ಬರ್ತದ.

ನಮ್ಮ ಭಾಗದಲ್ಲಿ ಟ್ರ್ಯಾಕ್ಟರ್ ಅಂದ್ರೆ ಬರೀ ಯಂತ್ರ ಅಲ್ಲ ಅಂತ ನಾನು ಹೇಳಬೇಕಾಗಿಲ್ಲ. ಹಂಗಾಮಿನಲ್ಲಿ ಎರಡು ಟ್ರೇಲರ್ ಕಬ್ಬು ಹೇರಿಕೊಂಡು, ಟೇಪ್ ಹಚ್ಚಿಕೊಂಡು, ಮುಂದೆ ಹೆಸರು ಬರೆಸಿಕೊಂಡು ಹೋಗೋ ಗಾಡಿ ನೋಡ್ತಾನೇ ಇಲ್ಲಿನ ಹುಡುಗರು ದೊಡ್ಡವರಾಗ್ತಾರೆ. ಅದಕ್ಕೇ ಎಷ್ಟೋ ಹುಡುಗರು ಸನ್‌ಬೋರ್ಡ್ ಕತ್ತರಿಸಿ, ಅಂಟಿಸಿ, ಮೋಟಾರು ಕೂಡಿಸಿ ತಮ್ಮದೇ ಸಣ್ಣ ಟ್ರ್ಯಾಕ್ಟರ್, ಟ್ರೇಲರ್, ಸಾರಿಗೆ ಬಸ್ಸು ಮಾಡ್ತಾರೆ. ಆಕಾರ ಭಾರೀ ಚಂದ ಇರ್ತದೆ. ಬಣ್ಣಕ್ಕೆ ಬಂದಾಗ ಮಾತ್ರ ಕೆಲಸ ಕೆಡ್ತದೆ. ಬ್ರಶ್ಶಿನ ಗೆರೆ, ಧೂಳು, ಮಬ್ಬು. ನನ್ನದೂ ಹಂಗೇ ಆಗಿತ್ತು.

ಈ ಮಾತು ಶುರುವಾಗೋದು 2019ರ ಆಗಸ್ಟ್‌ನಿಂದ. ಆ ವರ್ಷ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಉಕ್ಕಿ ಬಂದದ್ದು ನಿಮಗೆ ನೆನಪಿದೆ. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿ ಮೇಲೇ ಬಂದು ಪುಣೆ–ಬೆಂಗಳೂರು ದಾರಿ ಬಂದ್ ಆಗಿತ್ತು. ನಮ್ಮದು ನದಿ ದಂಡೆಯ ಊರು. ದನ, ಕಾಗದಪತ್ರ, ಒಂದಿಷ್ಟು ಜ್ವಾಳ ಹಿಡ್ಕೊಂಡು ಎತ್ತರದ ಊರಿಗೆ ಹೋದ್ವಿ. ಅಪ್ಪನ ಕೆಂಪು ಅರ್ಜುನ್ ಟ್ರ್ಯಾಕ್ಟರ್ ಮಾತ್ರ ಶೆಡ್ಡಿನಲ್ಲೇ ಉಳೀತು. ಕ್ಲಚ್ ಪ್ಲೇಟ್ ಬಿಚ್ಚಿಟ್ಟಿದ್ವಿ, ಹೊರಗೆ ತೆಗೆಯೋಕೆ ಆಗಲಿಲ್ಲ. ನೀರು ಇಳಿದ ಮೇಲೆ ನೋಡಿದ್ರೆ ಬಾನೆಟ್ಟಿನ ಮೇಲೆ ಬೆರಳು ದಪ್ಪ ರಾಡಿ. ರಿಪೇರಿ ಮಾಡಿಸಿದ್ವಿ, ಒಂದು ಹಂಗಾಮು ಓಡಿಸಿದ್ವಿ. ಆಮೇಲೆ ಸಾಲದ ಲೆಕ್ಕ ಕೂಡಿಸಿದವ ನಾನೇ. ಮಾರೋಣ ಅಂದವನೂ ನಾನೇ. ಅಪ್ಪ ಒಂದು ಮಾತೂ ಆಡಲಿಲ್ಲ. ಚಾವಿ ಕೊಟ್ಟು ಒಳಗೆ ಹೋದ್ರು.

ಮನೆಯ ಫೋಟೊಗಳೂ ನೀರಿನಲ್ಲಿ ಹೋಗಿದ್ವು. ಆ ಟ್ರ್ಯಾಕ್ಟರಿನದು ಉಳಿದದ್ದು ಒಂದೇ ಚಿತ್ರ. ಸಾಲದ ಫೈಲಿಗೆ ಹಚ್ಚಿದ್ದ ಫೋಟೊದ ಜೆರಾಕ್ಸ್, ಅದೂ ಕಪ್ಪು-ಬಿಳುಪು. ಅದನ್ನ ಮುಂದಿಟ್ಟುಕೊಂಡು ಅಪ್ಪನಿಗೆ ಒಂದು ಸಣ್ಣ ಟ್ರ್ಯಾಕ್ಟರ್ ಮಾಡಿಕೊಡಬೇಕು ಅಂತ ಹೋದ ವರ್ಷ ನನ್ನ ತಲೆಗೆ ಬಂತು. ಆಟಿಕೆ ಅಂಗಡಿಯಿಂದ ಪ್ಲಾಸ್ಟಿಕ್ ಟ್ರ್ಯಾಕ್ಟರ್ ತಂದೆ, ಮುಂದಿನ ಜಾಲರಿ, ಮಡ್‌ಗಾರ್ಡು, ಟಾಪು ನಮ್ಮ ಗಾಡಿಯಂಗೆ ತಿದ್ದಿದೆ. ಉಳಿದದ್ದು ಬಣ್ಣ.

ಹೊಳಪು ಅಂದ್ರೆ ಏನು?

ಮೊದಲು ಇದನ್ನ ತಿಳ್ಕೋಬೇಕು. ಹೊಳಪು ಡಬ್ಬಿಯೊಳಗೆ ಇರೋದಿಲ್ಲ. ಅದು ಮೇಲ್ಮೈ ಎಷ್ಟು ನುಣುಪಾಗಿದೆ ಅನ್ನೋದರಲ್ಲಿ ಇರ್ತದೆ.

ಕೃಷ್ಣಾ ನದಿ ದಂಡೆಗೆ ಹೋದಾಗ ನೋಡಿರಬೇಕು. ನೀರೊಳಗಿನ ಕಲ್ಲು ಕರ್ರಗೆ, ಫಳಫಳ ಅಂತಿರ್ತದೆ. ಅದೇ ಕಲ್ಲು ಮನೆಗೆ ತಂದು ಒಣಗಿಸಿದ್ರೆ ಬೂದಿ ಬಣ್ಣ. ಕಲ್ಲು ಬದಲಾಗಲಿಲ್ಲ. ಅದರ ಮೇಲಿನ ಸಣ್ಣ ಸಣ್ಣ ತಗ್ಗುಗಳನ್ನ ನೀರು ತುಂಬಿ ಸಪಾಟು ಮಾಡಿತ್ತು. ಸಪಾಟಾದ ಮೇಲ್ಮೈಗೆ ಬಿದ್ದ ಬೆಳಕು ಕನ್ನಡಿಯಂಗೆ ಒಂದೇ ದಿಕ್ಕಿಗೆ ಪುಟಿಯುತ್ತದೆ, ಹೊಳೀತದೆ. ತಗ್ಗು-ದಿಣ್ಣೆ ಇದ್ರೆ ಬೆಳಕು ದಿಕ್ಕಾಪಾಲು ಚದುರುತ್ತದೆ, ಮಬ್ಬು ಕಾಣ್ತದೆ. ಇಷ್ಟೇ ಗುಟ್ಟು.

ಡೀಸೆಲ್ ಅರಿವಿಯಿಂದ ಗಾಡಿ ಒರೆಸೋದು ನಮ್ಮ ಕಡೆ ರೂಢಿ. ಖಂಡೆಪೂಜೆಯ ದಿನ ಅಪ್ಪ ಹಂಗೇ ಒರೆಸ್ತಿದ್ರು. ಒರೆಸಿದಾಗ ಭಾರೀ ಹೊಳೆಯೋದು ಯಾಕೆ? ಅದೇ ನದಿ ಕಲ್ಲಿನ ಲೆಕ್ಕ. ಎಣ್ಣೆ ತಗ್ಗು ತುಂಬ್ತದೆ. ಆದರೆ ಮರುದಿನ ಆ ಎಣ್ಣೆಗೆ ಧೂಳು ಅಂಟ್ತದೆ, ಮತ್ತೆ ಒರೆಸಿದಾಗ ಆ ಧೂಳೇ ಬಣ್ಣವನ್ನ ಕೆರೀತದೆ. ಅದು ಕೈಗಡ ಹೊಳಪು. ಬಡ್ಡಿ ಆಮೇಲೆ ಕಟ್ಟಬೇಕು.

ಇನ್ನೊಂದು ಲೆಕ್ಕ ಅಳತೆಯದು. ಟ್ರ್ಯಾಕ್ಟರ್ ಸುಮಾರು ಮೂರೂವರೆ ಮೀಟರ್ ಉದ್ದ. ನನ್ನದು 18 ಸೆಂಟಿಮೀಟರ್. ಅಂದ್ರೆ ಹತ್ತಿರಹತ್ತಿರ 20 ಪಟ್ಟು ಸಣ್ಣದು. ಇದರ ಮೇಲೆ ಕೂತ 0.2 ಮಿಲಿಮೀಟರಿನ ಒಂದು ಧೂಳಿನ ಕಣ, ನಿಜವಾದ ಬಾನೆಟ್ಟಿನ ಮೇಲೆ 4 ಮಿಲಿಮೀಟರಿನ ಕಾಳು ಕೂತಂಗೆ. ಜ್ವಾಳದ ಕಾಳಿನಷ್ಟು. ದೊಡ್ಡ ಗಾಡಿಗೆ ನಡೆಯೋ ಬಣ್ಣದ ಕೆಲಸ ಸಣ್ಣದಕ್ಕೆ ಯಾಕೆ ನಡೆಯೋದಿಲ್ಲ ಅಂದ್ರೆ ಇದಕ್ಕೇ.

ಮೊದಲನೇ ಸಲ ಎಲ್ಲಾ ಕೆಟ್ಟಿತು

ನಾನು ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡಬ್ಯಾಡ್ರಿ. ಮನೆಯ ಕಿಟಕಿಗೆ ಹಚ್ಚಿ ಉಳಿದಿದ್ದ ಕೆಂಪು ಆಯಿಲ್ ಪೇಂಟ್, ಅಂದ್ರೆ ಎನಾಮೆಲ್, ಬ್ರಶ್ಶಿನಿಂದ ದಪ್ಪಗೆ ಬಳಿದೆ. ಎರಡು ದಿನಕ್ಕೆ ಮುಟ್ಟಿದರೆ ಒಣಗಿದಂಗೆ ಅನ್ನಿಸ್ತು. ಮೇಲೆ ಹೊಳಪಿಗಂತ ಗಾಡಿಗಳಿಗೆ ಹೊಡೆಯೋ ಲ್ಯಾಕರ್ ಕ್ಲಿಯರ್ ಸ್ಪ್ರೇ ಹೊಡೆದೆ. ಹತ್ತು ನಿಮಿಷ ಆಗಿರಲಿಲ್ಲ, ಇಡೀ ಬಾನೆಟ್ ಕಾಸಿದ ಹಾಲಿನ ಮೇಲಿನ ಕೆನಿಯಂಗೆ ಸುಕ್ಕುಗಟ್ಟಿತು.

ಮರುದಿನ ನಮ್ಮ ಕಡೆ ಗಾಡಿ ಪೇಂಟಿಂಗ್ ಮಾಡೋ ಕಾಕಾ ಒಬ್ಬರ ಹತ್ತಿರ ತಗೊಂಡು ಹೋದೆ. ಕನ್ನಡ, ಮರಾಠಿ ಎರಡೂ ಕೂಡಿಸಿ ಮಾತಾಡೋ ಹಿರಿಯರು. ನೋಡಿ ನಕ್ಕರು.

"ತಮ್ಮಾ, ಮ್ಯಾಲ ಮುಟ್ಟಿದ್ರ ಒಣಗೈತಿ ಅನಸ್ತದ. ಒಳಗ ಇನ್ನೂ ಹಸೀ ಇರ್ತೈತಿ. ಮ್ಯಾಲಿಂದು ಬಿರಸಿನ ಥಿನ್ನರ್. ಕೆಳಗಿಂದನ್ನ ತಿಂದು ಹಾಕೇತಿ."

"ಹಂಗಾದ್ರ ಎಷ್ಟ ದಿನ ಬಿಡಬೇಕಿತ್ರೀ ಕಾಕಾ?"

"ದಿನಾ ಎಣಸಬ್ಯಾಡ. ಮೂಗಿಗೆ ಹಿಡದ ನೋಡು. ವಾಸನಿ ಬರಾಕತ್ತಿದ್ರ ಇನ್ನೂ ಒಣಗಿಲ್ಲ."

ಈ ಮೂಗಿನ ಪರೀಕ್ಷೆ ನನಗೆ ಆ ದಿನ ಸಿಕ್ಕ ದೊಡ್ಡ ಪಾಠ. ಎನಾಮೆಲ್ ಗಾಳಿಯ ಆಮ್ಲಜನಕದ ಜೊತೆ ಕೂಡಿ ನಿಧಾನಕ್ಕೆ ಗಟ್ಟಿಯಾಗ್ತದೆ, ಅದಕ್ಕೆ ವಾರ, ಎರಡು ವಾರ ಬೇಕು. ಲ್ಯಾಕರ್ ಹಂಗಲ್ಲ. ಅದರೊಳಗಿನ ಥಿನ್ನರ್ ಹಾರಿಹೋದ್ರೆ ಮುಗೀತು, ಒಂದೆರಡು ದಿನ ಸಾಕು. ಇದರಿಂದ ಬರೋ ನಿಯಮ ಒಂದೇ: ಲ್ಯಾಕರ್ ಮೇಲೆ ಎನಾಮೆಲ್ ನಡೀತದೆ, ಎನಾಮೆಲ್ ಮೇಲೆ ಲ್ಯಾಕರ್ ನಡೆಯೋದಿಲ್ಲ. ಹೊಸಬರು ತಳದಿಂದ ಮೇಲಿನತನಕ ಒಂದೇ ಜಾತಿಯ ಬಣ್ಣ ಬಳಸೋದು ಒಳ್ಳೇದು.

ಕೆಟ್ಟ ಬಣ್ಣ ತೆಗೆಯೋಕೆ ಬ್ರೇಕ್ ಆಯಿಲ್‌ನಲ್ಲಿ ಒಂದು ರಾತ್ರಿ ನೆನೆಸಿಟ್ಟು, ಹಳೇ ಹಲ್ಲಿನ ಬ್ರಶ್ಶಿನಿಂದ ತಿಕ್ಕಿದೆ. ಕೈಗೆ ಗ್ಲೌಸ್ ಬೇಕೇ ಬೇಕು. ಕೆಲವು ಪ್ಲಾಸ್ಟಿಕ್ ಅದರಲ್ಲಿ ಮೆತ್ತಗಾಗ್ತದೆ ಅಥವಾ ಪುಡಪುಡ ಆಗ್ತದೆ, ಅದಕ್ಕೆ ಕಾಣದ ಒಂದು ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡ್ರಿ.

ತಳ ಗಟ್ಟಿ ಇರಬೇಕು

ಎರಡನೇ ಸಲ ನಾನು ಬಣ್ಣದಿಂದ ಶುರು ಮಾಡಲಿಲ್ಲ. ತಳದಿಂದ ಶುರು ಮಾಡಿದೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಗುರುಗಳಿದ್ದಾರೆ ನೋಡ್ರಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಬೊಂಬೆ ಮಾಡ್ತಾರೆ. ನೇರವಾಗಿ ಮರದ ಮೇಲೆ ಬಣ್ಣ ಹಚ್ಚೋದಿಲ್ಲ. ಸೆಣಬಿನ ಚೂರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕೂಡಿಸಿದ ಕಿಟ್ಟ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆ, ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಆಮೇಲೆ ಬಣ್ಣ. ಇತ್ತ ಚನ್ನಪಟ್ಟಣದಲ್ಲಿ ತಿರುಗೋ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಹತ್ಕೋತದೆ, ಮೇಲೆ ಒಣ ಗರಿಯಿಂದ ಉಜ್ಜಿದಾಗ ಹೊಳಪು ಬರ್ತದೆ. ಒಬ್ಬರದು ತಳದ ಪಾಠ, ಇನ್ನೊಬ್ಬರದು ಉಜ್ಜೋ ಪಾಠ. ಪ್ಲಾಸ್ಟಿಕ್ಕಿಗೂ ಇವೆರಡೇ ಬೇಕಾದದ್ದು.

ಮೊದಲು ಯಾವ ಪ್ಲಾಸ್ಟಿಕ್ ಅಂತ ನೋಡ್ರಿ. ಕೆಳಗೆ ತ್ರಿಕೋನದೊಳಗೆ ಅಂಕಿ ಇದ್ರೆ ಓದ್ರಿ. 6 ಅಂದ್ರೆ ಪಾಲಿಸ್ಟೈರೀನ್, ಬಣ್ಣ ಚೆನ್ನಾಗಿ ಹಿಡೀತದೆ. 5 ಅಂದ್ರೆ ಪಾಲಿಪ್ರೊಪಿಲೀನ್, 2 ಅಂದ್ರೆ ಗಟ್ಟಿ ಪಾಲಿಥೀನ್. ಉಗುರಿಗೆ ಮೇಣದಂಗೆ ಜಾರ್ತಾವೆ, ಬಣ್ಣ ಸಿಪ್ಪೆಯಂಗೆ ಎದ್ದುಬರ್ತದೆ. ಅವಕ್ಕೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಅಂತ ಬರ್ತದೆ, ಬಂಪರಿಗೆ ಹೊಡೆಯೋದು, ಅದನ್ನ ಹೊಡೀಬೇಕು.

ಆಮೇಲೆ ತೊಳೆಯೋದು. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಹಚ್ಚಿದ ಎಣ್ಣೆ ಪ್ಲಾಸ್ಟಿಕ್ ಮೇಲೆ ಉಳಿದಿರ್ತದೆ. ಪಾತ್ರೆ ತೊಳೆಯೋ ಸೋಪಿನಿಂದ ತೊಳೆದು, ಒಣಗಿಸಿ, ಅಲ್ಲಿಂದ ಮುಂದೆ ಬರಿಗೈಲಿ ಮುಟ್ಟಬ್ಯಾಡ್ರಿ. ಬೆರಳಿನ ಜಿಡ್ಡು ಬಣ್ಣದ ಕೆಳಗೆ ಕೂತ್ರೆ ಅಲ್ಲೇ ಮೀನಿನ ಕಣ್ಣಿನಂಥ ತೂತು ಬೀಳ್ತದೆ.

ಅಚ್ಚು ಕೂಡಿದ ಗೆರೆಯನ್ನ 400ರ ವಾಟರ್ ಪೇಪರಿನಿಂದ, ಆಮೇಲೆ 600, 800ರಿಂದ ತಿಕ್ಕಿ ಸಪಾಟು ಮಾಡ್ರಿ. ಅಂಕಿ ಹೆಚ್ಚಾದಷ್ಟೂ ಪೇಪರ್ ನುಣುಪು. ಸಂದುಗಳಿಗೆ ಪುಟ್ಟಿ ತುಂಬುವಾಗ ಒಮ್ಮೆಲೇ ತುಂಬಬಾರದು, ಒಣಗಿದಾಗ ಕುಗ್ತದೆ. ಎರಡು ಮೂರು ಸಲ ತೆಳ್ಳಗೆ. ಸನ್‌ಬೋರ್ಡಿನವರಿಗೆ ಒಂದು ಮಾತು. ಅದರ ಕತ್ತರಿಸಿದ ಅಂಚು ಬ್ರೆಡ್ಡಿನಂಗೆ ತೂತುತೂತು ಇರ್ತದೆ. ಪುಟ್ಟಿ ಹಚ್ಚಿ ಮುಚ್ಚದೆ ಎಷ್ಟು ಬಣ್ಣ ಹೊಡೆದ್ರೂ ಅಂಚು ಕುಡಿದುಬಿಡ್ತದೆ.

ಇನ್ನು ಪ್ರೈಮರ್. ಬೂದಿ ಬಣ್ಣದ ಪ್ರೈಮರ್ ಹೊಡೆದ ಕೂಡಲೇ ಎಲ್ಲಾ ತಪ್ಪೂ ಎದ್ದು ಕಾಣ್ತಾವೆ. ಆಡಿಟ್ ಇದ್ದಂಗೆ. ಕಂಡದ್ದನ್ನ ಅಲ್ಲೇ ಸರಿ ಮಾಡ್ರಿ, ಬಣ್ಣ ಮುಚ್ಚುತ್ತದೆ ಅಂತ ಬಿಡಬ್ಯಾಡ್ರಿ. ಹೊಳಪಿನ ಬಣ್ಣ ತಪ್ಪನ್ನ ಮುಚ್ಚೋದಿಲ್ಲ, ಎತ್ತಿ ತೋರಿಸ್ತದೆ. ಕೆಂಪು, ಹಳದಿ ಬಣ್ಣಕ್ಕೆ ಕಡೆಗೆ ಬಿಳಿ ಪ್ರೈಮರ್ ಒಂದು ತೆಳು ಕೋಟು ಬೇಕು. ಇಲ್ಲಂದ್ರೆ ಕೆಂಪು ಒಣಗಿದ ಮೆಣಸಿನಕಾಯಿಯಂಗೆ ಮಂಕಾಗ್ತದೆ.

ತೆಳ್ಳಗೆ, ಮತ್ತೂ ತೆಳ್ಳಗೆ

ಸ್ಪ್ರೇ ಡಬ್ಬಿಯನ್ನ ಎರಡು ನಿಮಿಷ ಪೂರ್ತಿ ಅಲ್ಲಾಡಿಸ್ರಿ. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ರೆ ಹನಿ ಸಣ್ಣಗೆ ಬರ್ತಾವೆ. ನೀರು ಕುದಿಯಬಾರದು. ಒಲಿ ಮೇಲಂತೂ ಡಬ್ಬಿ ಇಡೋ ಹಂಗೇ ಇಲ್ಲ, ಸಿಡೀತದೆ.

ಟ್ರ್ಯಾಕ್ಟರಿನಿಂದ 20–25 ಸೆಂಟಿಮೀಟರ್ ದೂರ ಹಿಡೀರಿ. ಗುಂಡಿ ಒತ್ತೋದು ಟ್ರ್ಯಾಕ್ಟರಿನ ಆಚೆ, ಬಿಡೋದೂ ಈಚೆ. ನಡುವೆ ಕೈ ನಿಲ್ಲಬಾರದು. ಮೊದಲ ಕೋಟು ಇಬ್ಬನಿ ಬಿದ್ದಂಗೆ, ಕೆಳಗಿನ ಪ್ರೈಮರ್ ಕಾಣ್ತಿರಬೇಕು. ಹತ್ತು ನಿಮಿಷ ಬಿಟ್ಟು ಎರಡನೇದು. ಮತ್ತೆ ಹತ್ತು ನಿಮಿಷ ಬಿಟ್ಟು ಮೂರನೇದನ್ನ ಸ್ವಲ್ಪ ಹಸಿಯಾಗಿ ಹೊಡೀರಿ. ಬಣ್ಣ ತಾನೇ ಹರಡಿ ಸಪಾಟಾಗೋವಷ್ಟು, ಆದರೆ ಇಳಿದು ಬರದಷ್ಟು. ಆ ಒಂದು ಕೂದಲಿನ ಅಂತರ ಕೈಗೆ ಬರೋಕೆ ಹಳೇ ಪ್ಲಾಸ್ಟಿಕ್ ಚಮಚಗಳ ಮೇಲೆ ಅಭ್ಯಾಸ ಮಾಡ್ರಿ. ನಾನು ಹದಿನೈದು ಚಮಚ ಕೆಡಿಸಿದೆ. ಅವ್ವ ಇನ್ನೂ ಆಡ್ಕೋತಾಳ.

ತುಂಬಾ ದೂರದಿಂದ ಹೊಡೆದ್ರೆ ಬಣ್ಣ ಗಾಳಿಯಲ್ಲೇ ಒಣಗಿ ರವೆಯಂಗೆ ಕೂಡ್ತದೆ. ದಪ್ಪ ಹನಿ ಹರಡದೇ ನಿಂತ್ರೆ ಕಿತ್ತಳೆ ಸಿಪ್ಪೆಯಂಥ ಮೈ ಬರ್ತದೆ. ಯಾವುದೇ ಆಗಲಿ, ಹಸಿ ಇದ್ದಾಗ ಬೆರಳು ಹಾಕಿ ಸರಿ ಮಾಡೋಕೆ ಹೋಗಬ್ಯಾಡ್ರಿ. ಒಣಗಲಿ. ಒಣಗಿದ ಮೇಲೆ ತಿಕ್ಕಿ ಸರಿ ಮಾಡಬಹುದು.

ಇನ್ನೊಂದು, ಎಲ್ಲಾ ಹೊಳೀಬಾರದು. ಟೈರು, ಸೀಟು, ಸೈಲೆನ್ಸರ್ ಮಬ್ಬಾಗಿದ್ರೇನೇ ಬಾನೆಟ್ಟಿನ ಹೊಳಪಿಗೆ ಬೆಲೆ.

ನಮ್ಮ ಹವಾ, ನಮ್ಮ ಧೂಳು

ಯೂಟ್ಯೂಬಿನಲ್ಲಿ ಹೊರದೇಶದವರು ಹೇಳೋದು ಅವರ ಹವಾಕ್ಕೆ. ನಮ್ಮದು ಬೇರೆ.

ಮಳೆಗಾಲದಲ್ಲಿ ಲ್ಯಾಕರ್ ಹೊಡೆದ್ರೆ ಮೇಲೆ ಬಿಳಿ ಮಂಜು ಕಟ್ತದೆ. ಥಿನ್ನರ್ ಹಾರುವಾಗ ಮೇಲ್ಮೈ ತಣ್ಣಗಾಗ್ತದೆ, ಗಾಳಿಯೊಳಗಿನ ತೇವ ಅಲ್ಲಿ ಕೂಡ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ತಿರುಗಾಮುರುಗಾ, ಬಣ್ಣ ಹರಡೋ ಮೊದಲೇ ಒಣಗ್ತದೆ. ಚಳಿಗಾಲ ಒಳ್ಳೇದು ಅಂದ್ರೆ ಆಗ ಹಂಗಾಮು. ಉಗಾರ, ಚಿಕ್ಕೋಡಿ, ಅಥಣಿ ಕಡೆ ಫ್ಯಾಕ್ಟರಿ ಚಾಲೂ. ಹೊಲದಲ್ಲಿ ರವದಿ ಸುಟ್ರೆ ಕರೀ ಬೂದಿ ಹಾರಿಬಂದು ಒಗೆದು ಹಾಕಿದ ಅರಿವಿ ಮೇಲೆ ಕೂಡೋದು ನೋಡಿದ್ದೀರಿ. ಅದು ಹಸಿ ಕ್ಲಿಯರ್ ಮೇಲೆ ಕೂತ್ರೆ ಮುಗೀತು.

ನಾನು ಕಂಡುಕೊಂಡದ್ದು ಇದು. ದಸರಾ ಆದ ಮೇಲೆ, ಮಳೆ ಸರಿದು ಹಂಗಾಮು ಜೋರಾಗೋ ಮೊದಲಿನ ಕೆಲವು ವಾರ ಒಳ್ಳೇ ಕಾಲ. ಇಬ್ಬನಿ ಆರಿದ ಮೇಲೆ ಬೆಳಗ್ಗೆ ಹತ್ತರಿಂದ ಹನ್ನೆರಡು. ನೇರ ಬಿಸಿಲು ಬೇಡ, ನೆರಳು. ಒಂದು ತಾಸು ಮೊದಲು ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ ಧೂಳು ಕೂಡ್ರಿಸ್ರಿ. ಟ್ರ್ಯಾಕ್ಟರನ್ನ ಒಣ ಬಟ್ಟೆಯಿಂದ ಉಜ್ಜಬ್ಯಾಡ್ರಿ. ಪ್ಲಾಸ್ಟಿಕ್ ಉಜ್ಜಿದ್ರೆ ಕರೆಂಟ್ ಹಿಡಿದಂಗಾಗಿ ಧೂಳನ್ನ ಎಳ್ಕೋತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹೊಡೀರಿ. ಹೊಡೆದ ಕೂಡಲೇ ರಟ್ಟಿನ ಡಬ್ಬಿ ಬೋರಲು ಹಾಕಿ ಮುಚ್ಚಿಡ್ರಿ. ಗಾಳಿಯಾಡೋಕೆ ಕೆಳಗೆ ಬೆರಳಿನಷ್ಟು ಸಂದು ಇರಲಿ.

ಕ್ಲಿಯರ್, ನೀರು, ಕಾಂಪೌಂಡ್

ಕೆಂಪು ಒಣಗಿದ ಮೇಲೆ ಹೆಸರು, ನಂಬರು, ಪಟ್ಟಿ. ಸ್ಟಿಕ್ಕರ್ ಅಂಟಿಸೋದು ಯಾವಾಗಲೂ ಹೊಳಪಿನ ಮೈ ಮೇಲೆ. ಒರಟು ಮೈ ಮೇಲೆ ಅಂಟಿಸಿದ್ರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಕಾಣ್ತದೆ. ಅದರ ಮೇಲೆ ಕ್ಲಿಯರ್ ಮೂರು ಕೋಟು. ಬಣ್ಣದಂಗೇ, ತೆಳ್ಳಗೆ ಶುರು ಮಾಡಿ ಕಡೆಯದು ಹಸಿಯಾಗಿ.

ಆಮೇಲೆ ಒಂದು ವಾರ ಮುಟ್ಟಬ್ಯಾಡ್ರಿ. ನಿಜ ಹೇಳ್ತೀನಿ, ಇಡೀ ಕೆಲಸದಲ್ಲಿ ಕಠಿಣ ಇದೇ. ಮೂಗಿಗೆ ಹಿಡಿದು ನೋಡ್ರಿ, ವಾಸನಿ ಹೋಗಿರಬೇಕು.

ವಾರದ ನಂತರ 2000ದ ವಾಟರ್ ಪೇಪರ್ ನೀರಿನಲ್ಲಿ ನೆನೆಸಿ, ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ಹಗುರಕ್ಕೆ ತಿಕ್ಕಬೇಕು. ಹೊಳೀತಿದ್ದದ್ದು ಒಮ್ಮೆಲೇ ಹಾಲಿನಂಗೆ ಮಬ್ಬಾಗ್ತದೆ. ಹೆದರಬ್ಯಾಡ್ರಿ, ದಿಣ್ಣೆ ಸವೀತಾ ಇದೆ ಅಷ್ಟೇ. ಆಮೇಲೆ 3000. ಆಮೇಲೆ ರಬ್ಬಿಂಗ್ ಕಾಂಪೌಂಡ್, ಹಳೇ ಹತ್ತಿ ಬನಿಯನ್ ತುಂಡಿನಿಂದ. ಜೋರಾಗಿ ಉಜ್ಜಿದ್ರೆ ಬಿಸಿಯಾಗಿ ಬಣ್ಣ ಮೆತ್ತಗಾಗ್ತದೆ, ಅದಕ್ಕೆ ಹಗುರ ಕೈ. ಕಡೆಗೆ ಪಾಲಿಶ್, ಮೇಣ. ಹಾಲಿನ ಮಬ್ಬಿನ ಕೆಳಗಿಂದ ಟ್ಯೂಬ್‌ಲೈಟಿನ ಗೆರೆ ಮೆಲ್ಲಗೆ ಮೂಡಿ ಬರ್ತದಲ್ಲ, ಅದನ್ನ ನೋಡಿದ ಮೇಲೆ ಈ ಕೆಲಸ ಬಿಡೋಕೆ ಮನಸ್ಸಾಗೋದಿಲ್ಲ.

ಒಂದೇ ಎಚ್ಚರ, ಅಂಚು. ಅಂಚಿನ ಮೇಲೆ ಬಣ್ಣ ತಾನೇ ತೆಳ್ಳಗಿರ್ತದೆ. ಎರಡು ಸಲ ಹೆಚ್ಚು ತಿಕ್ಕಿದ್ರೆ ಪ್ಲಾಸ್ಟಿಕ್ ಕಾಣ್ತದೆ. ನನ್ನ ಕೈಯಲ್ಲೂ ಬಾನೆಟ್ಟಿನ ಎಡಗಡೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸವೀತು. ಅಪ್ಪನ ಕೈಗೆ ಕೊಡೋಕೆ ಎರಡೇ ದಿನ ಉಳಿದಿತ್ತು. ಹಂಗೇ ಬಿಟ್ಟೆ.

ಉಸಿರಿನ ಮಾತು

ಇದನ್ನ ಹಾರಿಸಿ ಕೇಳಬ್ಯಾಡ್ರಿ. ಸ್ಪ್ರೇಯ ಥಿನ್ನರ್ ತಲೆಗೆ, ಉಸಿರಿಗೆ ಒಳ್ಳೇದಲ್ಲ. ಬಟ್ಟೆ ಮಾಸ್ಕ್ ಧೂಳಿಗೆ, ಆವಿಗಲ್ಲ. ಕಾರ್ಬನ್ ಕಾರ್ಟ್ರಿಜ್ ಇರೋ ಮಾಸ್ಕ್ ಬೇಕು, ಮತ್ತು ಗಾಳಿಯಾಡೋ ಜಾಗ ಬೇಕು. ಹತ್ತಿರದಲ್ಲಿ ಒಲಿ, ಊದಿನಕಡ್ಡಿ, ಬೀಡಿ ಇರಬಾರದು. ನಿಪ್ಪಾಣಿಯವರಿಗೆ ಇದು ಸ್ವಲ್ಪ ಕಷ್ಟ, ಗೊತ್ತು. ಖಾಲಿ ಡಬ್ಬಿ ಬೆಂಕಿಗೆ ಎಸೀಬ್ಯಾಡ್ರಿ.

ಗಾಡಿಗಳಿಗೆ ಹಾರ್ಡ್‌ನರ್ ಕೂಡಿಸಿ ಹೊಡೆಯೋ ಟು-ಕೆ ಕ್ಲಿಯರ್ ಭಾರೀ ಹೊಳಪು ಕೊಡ್ತದೆ ಅಂತ ಯಾರಾದ್ರೂ ಹೇಳಬಹುದು. ಹೌದು, ಕೊಡ್ತದೆ. ಆದರೆ ಅದರೊಳಗಿನ ಐಸೊಸೈನೇಟ್ ಉಸಿರಿನಲ್ಲಿ ಹೋದ್ರೆ ದಮ್ಮು ಶುರುವಾಗಬಹುದು. ಮನೆಯಲ್ಲಿ ಮಾಡೋ ಕೆಲಸ ಅಲ್ಲ. ಶಾಲೆಗೆ ಹೋಗೋ ಹುಡುಗರು ಕೇಳ್ತಿದ್ರೆ, ಸ್ಪ್ರೇ ಮನೆಯ ದೊಡ್ಡವರ ಮುಂದೇನೇ ಮಾಡ್ರಿ.

ಈಗ ಲೆಕ್ಕ

ಇದು ನನ್ನ ಭಾಗ. ಪ್ರೈಮರ್ 350, ಕೆಂಪು 350, ಕ್ಲಿಯರ್ 400, ಮೂರು ಡಬ್ಬಿಗೆ 1,100 ರೂಪಾಯಿ ಕೊಟ್ಟೆ. ನಾಲ್ಕು ಮಾಡೆಲ್ಲಿಗೆ ಬರ್ತಾವೆ ಅಂದ್ರೆ ಒಂದಕ್ಕೆ 275. ಪ್ಲಾಸ್ಟಿಕ್ ಟ್ರ್ಯಾಕ್ಟರ್ 400, ವಾಟರ್ ಪೇಪರ್ 60, ಸ್ಟಿಕ್ಕರ್ 80, ಟೇಪು 20, ಕಾಂಪೌಂಡಿನ ಪಾಲು 15. ಸಾಮಾನಿನ ಖರ್ಚು 850. ಕೆಲಸ ಮಾಡಿದ್ದು 22 ತಾಸು. ತಾಸಿಗೆ ಬರೀ 80 ರೂಪಾಯಿ ಹಿಡಿದ್ರೂ 1,760. ಒಟ್ಟು 2,610. ಇದರಲ್ಲಿ ಮೊದಲ ಸಲ ಕೆಟ್ಟದ್ದನ್ನ ಹಿಡಿದಿಲ್ಲ, ಮಾಸ್ಕ್ ಹಿಡಿದಿಲ್ಲ.

ಫೋಟೊ ಸ್ಟೇಟಸ್ಸಿಗೆ ಹಾಕಿದ್ದೆ. ಒಬ್ಬರು ಫೋನ್ ಮಾಡಿ "ನನಗೂ ಒಂದ ಮಾಡಿಕೊಡ್ರಿ, 1,200 ಕೊಡ್ತೀನಿ" ಅಂದ್ರು. ಖುಷಿಯಿಂದ ಹೂಂ ಅನ್ನೋನಿದ್ದೆ. ಲೆಕ್ಕ ಮಾಡಿದೆ. 1,200ರಲ್ಲಿ 850 ಕಳೆದ್ರೆ 350. ಅದನ್ನ 22 ತಾಸಿಗೆ ಹಂಚಿದ್ರೆ ತಾಸಿಗೆ 16 ರೂಪಾಯಿಗೂ ಸ್ವಲ್ಪ ಕಡಿಮೆ. ಒಂದು ಕಪ್ ಚಹಾದ ಸುತ್ತಮುತ್ತ.

ಯಾಕೆ ಇದನ್ನ ಹೇಳ್ತಿದ್ದೀನಿ ಅಂದ್ರೆ, ನಮ್ಮ ಹುಡುಗರು ಎಷ್ಟೋ ಜನ ಮಾಡೆಲ್ ಮಾಡಿ ಮಾರ್ತಾರೆ, ಸಾಮಾನಿನ ಖರ್ಚಿನ ಮೇಲೆ ನೂರಿನ್ನೂರು ಸಿಕ್ರೆ ಲಾಭ ಅಂತಾರೆ. ಅದು ಲಾಭ ಅಲ್ರೀ. ಅದು ನಿಮ್ಮ ಕೂಲಿ, ಅದೂ ಅರ್ಧಮರ್ಧ. ತಾಸು ಬರೆದಿಡ್ರಿ. ಒಂದೊಂದೇ ಮಾಡೋ ಬದಲು ನಾಲ್ಕು ಕೂಡಿಸಿ ಮಾಡ್ರಿ. ಪ್ರೈಮರ್ ನಾಲ್ಕಕ್ಕೂ ಒಂದೇ ದಿನ, ಒಣಗೋದೂ ಒಂದೇ ವಾರ. ಆಗ ತಾಸು ಇಳೀತದೆ. ಬೆಲೆ ಹೇಳುವಾಗ ನಾಚಿಕೋಬ್ಯಾಡ್ರಿ. ನಾನು ಅವರಿಗೆ 2,600 ಅಂದೆ. ಅವರು ಒಪ್ಪಲಿಲ್ಲ. ಪರವಾಗಿಲ್ಲ.

ಅಪ್ಪನ ಕೈಗೆ

ಪಾಡವೆ ದಿನ ಕೊಟ್ಟೆ. ದೀಪಾವಳಿ ಪಾಡವೆಗೆ ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿಗೆ ಪೂಜೆ ಆಗ್ತಿತ್ತು. ಮಾರಿದ ಮೇಲೆ ಆ ಜಾಗದಲ್ಲಿ ಅಪ್ಪ ಬರೀ ಬೈಕಿಗೆ ಕುಂಕುಮ ಹಚ್ತಿದ್ರು.

ಬಣ್ಣ ಆರಿಸುವಾಗಲೇ ಅವರಿಗೆ ಸುಳಿವು ಸಿಕ್ಕಿತ್ತು. ಜೆರಾಕ್ಸಿನಲ್ಲಿ ಕೆಂಪು ಎಲ್ಲಿ ಕಾಣ್ತದೆ? ಮೂರು ಚಮಚಕ್ಕೆ ಮೂರು ಕೆಂಪು ಹೊಡೆದು "ಯಾವುದ್ರೀ ಅಪ್ಪಾ?" ಅಂತ ಕೇಳಿದ್ದೆ. ನಡುವಿನದನ್ನ ತೋರಿಸಿ ಸುಮ್ಮನೆ ಹೋಗಿದ್ರು.

ಕೈಗೆ ತಗೊಂಡು ಕಿಟಕಿ ಬೆಳಕಿಗೆ ಹಿಡಿದ್ರು. ತಿರುಗಿಸಿ ತಿರುಗಿಸಿ ನೋಡಿದ್ರು. ಬೆರಳು ನೇರವಾಗಿ ಹೋಗಿ ನಿಂತದ್ದು ಎಡಗಡೆ ಅಂಚಿನ ಆ ಸವೆದ ಜಾಗದ ಮೇಲೆ. ನನಗೆ ಹೊಟ್ಟೆಯಲ್ಲಿ ಕಳಕ್ ಅಂತು.

"ಇದನ್ನ ಬೇಕಂತ ಮಾಡಿದ್ಯಾ?" ಅಂದ್ರು.

"ಇಲ್ರೀ ಅಪ್ಪಾ, ತಿಕ್ಕುಮುಂದ ಹೋತು."

"ನಮ್ಮ ಗಾಡೀನೂ ಇಲ್ಲೇ ಸವದಿತ್ತು. ದಿನಾ ಇಲ್ಲೇ ಕೈ ಇಟ್ಟ ಒರಸ್ತಿದ್ನಿ."

ನನಗೆ ಅದು ನೆನಪೇ ಇರಲಿಲ್ಲ. ಹತ್ತು ವರ್ಷ ಆ ಗಾಡಿಯ ಕಂತಿನ ಲೆಕ್ಕ ಬರೆದಿದ್ದೀನಿ, ಬಾನೆಟ್ಟಿನ ಎಡ ಅಂಚು ನೋಡಿರಲಿಲ್ಲ. ಅಪ್ಪ ಅದನ್ನ ಬೈಕಿನ ಪಕ್ಕಕ್ಕೆ ಇಟ್ಟು ಕುಂಕುಮ ಹಚ್ಚಿದ್ರು. ಹೊಳಪಿನ ಮೈ ಮೇಲೆ ಕುಂಕುಮ ನಿಲ್ಲಲಿಲ್ಲ, ಜಾರಿ ಬಿತ್ತು. ನೀರಿನ ಹನಿ ಹಾಕಿ ಮತ್ತೆ ಹಚ್ಚಿದ್ರು.

ಈಗ ಅದು ಟಿವಿ ಪಕ್ಕದಲ್ಲಿದೆ. ದಿನಾ ಬೆಳಗ್ಗೆ ಒರೆಸ್ತಾರೆ. ಡೀಸೆಲ್ ಅರಿವಿ ಬ್ಯಾಡ್ರೀ ಅಂತ ಹೇಳಿ ಒಂದು ಮೆತ್ತನೆ ಬಟ್ಟೆ ಕೊಟ್ಟಿದ್ದೀನಿ. ಕೇಳ್ತಾರೋ ಇಲ್ಲೋ ಗೊತ್ತಿಲ್ಲ.

ಇವತ್ತಿಗೆ ಇಷ್ಟೇ. ನೀವು ಮಾಡಿದ ಮಾಡೆಲ್ಲಿನ ಫೋಟೊ ಕಳಿಸ್ರಿ. ಚಂದ ಆದದ್ದಷ್ಟೇ ಅಲ್ಲ, ಸುಕ್ಕುಗಟ್ಟಿದ್ದೂ ಕಳಿಸ್ರಿ, ಯಾಕೆ ಹಂಗಾಯ್ತು ಅಂತ ಕೂಡಿ ನೋಡೋಣ. ಮುಂದಿನ ವಾರ ಮತ್ತೆ ನಮ್ಮ ಹಳೇ ದಾರಿಗೆ, ಟ್ರ್ಯಾಕ್ಟರ್ ಸಾಲದ ಕಂತು ತಪ್ಪಿದಾಗ ಏನು ಮಾಡಬೇಕು ಅನ್ನೋ ಮಾತು. ಅಲ್ಲಿತನಕ ನಮಸ್ಕಾರ್ರೀ, ಬರ್ತೀನಿ.